ಗಬ್ಬದ ಮೇರ್‌ಗೆ ಹರ್ಪಿಸ್ ಕಾಟ: ಲಸಿಕೆ ಮೊದಲೋ, ಬೇಲಿ ಮೊದಲೋ?

ಕುಣಿಗಲ್ ಅಂದ್ರೆ ಕುದುರೆ. ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಊರು, ಆಮೇಲೆ ರೇಸ್ ಕುದುರೆಗಳ ಊರು. ಈಗ ಆ ಗೀಳು ಸ್ಟಡ್ ಫಾರಂ ಗೋಡೆ ದಾಟಿದೆ. ತುಮಕೂರು ಕಡೆಯ ತೋಟಗಳಲ್ಲಿ ತೆಂಗಿನ ಸಾಲಿನ ಪಕ್ಕ ಎರಡೋ ನಾಲ್ಕೋ ಮೇರ್ (ಹೆಣ್ಣು ಕುದುರೆ) ಸಾಕಿ ಮರಿ ಮಾಡಿಸುವವರು ಸಿಗುತ್ತಾರೆ. ಕೆಲವರಿಗೆ ರೇಸ್ ಕನಸು, ಕೆಲವರಿಗೆ ರಾಜಸ್ಥಾನದ ಮಾರ್ವಾರಿ ತಳಿಯ ಹುಚ್ಚು. ಈ ಬರಹ ಅಂಥವರಿಗೆ. ದೊಡ್ಡ ಸ್ಟಡ್‌ಗಳಿಗೆ ಅವರದ್ದೇ ಡಾಕ್ಟರ್ ಇರ್ತಾರೆ, ಅವರಿಗೆ ನಾನು ಹೇಳುವಂಥದ್ದು ಏನಿಲ್ಲ.

ಒಂಬತ್ತು ತಿಂಗಳ ಗಬ್ಬದ ಮೇರ್ ಕಂದು ಹಾಕಿತು (ಗರ್ಭಪಾತ ಆಯಿತು) ಅಂದರೆ ಒಂದು ವರ್ಷ ಕೈಬಿಟ್ಟಂತೆ. ಕವರಿಂಗ್ (ಗಂಡು ಕುದುರೆ ಹಾರಿಸುವ) ದುಡ್ಡು, ಹುರುಳಿ, ಕುದುರೆ ಮಸಾಲೆ ಸೊಪ್ಪು, ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಸಂಬಳ ಎಲ್ಲ ಹೋಯ್ತು. ಕಾರಣ ಯಾವುದೂ ಇರಬಹುದು. ಅವಳಿ ಮರಿ ಇರಬಹುದು, ಮಾಸಿಗೆ (ಜರಾಯುವಿಗೆ) ಸೋಂಕು ತಗುಲಿರಬಹುದು, ಹೊಕ್ಕುಳಬಳ್ಳಿ ತಿರುಚಿಕೊಂಡಿರಬಹುದು. ಆದರೆ ಒಂದರ ಹಿಂದೆ ಇನ್ನೊಂದು ಮೇರ್ ಕಂದು ಹಾಕಿದರೆ ಮೊದಲ ಅನುಮಾನ ಹರ್ಪಿಸ್ ವೈರಸ್ ಮೇಲೆಯೇ.

ಆಗ ಎಲ್ಲರೂ ಕೇಳುವುದು ಎರಡು ಪ್ರಶ್ನೆ. ಯಾವ ಸ್ಟ್ರೇನ್ (ವೈರಸ್‌ನ ಒಳಬಗೆ)? ಯಾವ ಲಸಿಕೆ? ಎರಡಕ್ಕೂ ಕೆಳಗೆ ಉತ್ತರ ಇದೆ. ಆದರೆ ನನ್ನನ್ನು ಕೇಳಿದರೆ ಇವೆರಡಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ: ನಿಮ್ಮ ತೋಟದಲ್ಲಿ ಯಾವ ಕುದುರೆ ಯಾವುದರ ಪಕ್ಕ ನಿಂತಿದೆ?

ಯಾವ ಹರ್ಪಿಸ್‌ಗೆ ಎಷ್ಟು ಹೆದರಬೇಕು

ಕುದುರೆಗೆ ಬರುವ ಹರ್ಪಿಸ್ (ಈಕ್ವೈನ್ ಹರ್ಪಿಸ್ ವೈರಸ್, ಚಿಕ್ಕದಾಗಿ ಇಎಚ್‌ವಿ) ಒಂದಲ್ಲ, ಹಲವು. ಮರಿ ಮಾಡಿಸುವವರ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಮೂರು: ಇಎಚ್‌ವಿ-1, ಇಎಚ್‌ವಿ-4, ಇಎಚ್‌ವಿ-3. ಇಎಚ್‌ವಿ-2 ಮತ್ತು 5 ಬಹಳಷ್ಟು ಕುದುರೆಗಳ ಮೈಯಲ್ಲಿ ಸುಮ್ನೆ ಇರುತ್ತವೆ. 5ಕ್ಕೂ ಶ್ವಾಸಕೋಶ ಗಂಟುಗಟ್ಟುವ ಒಂದು ಕಾಯಿಲೆಗೂ ನಂಟಿದೆ, ಆದರೆ ಗಬ್ಬದ ವಿಚಾರಕ್ಕೆ ಅದನ್ನು ಬದಿಗಿಡಬಹುದು.

ಇಎಚ್‌ವಿ-3 ಕವರಿಂಗ್ ಹೊತ್ತಿನಲ್ಲಿ ಹರಡುವಂಥದ್ದು. ಸ್ಟಾಲಿಯನ್‌ನ (ಗಂಡು ಕುದುರೆಯ) ಜನನಾಂಗದ ಮೇಲೆ, ಮೇರ್‌ನ ಬಾಲದ ಕೆಳಗೆ ಗುಳ್ಳೆ ಏಳುತ್ತವೆ, ಒಡೆದು ಹುಣ್ಣಾಗುತ್ತವೆ. ನೋಡಿದರೆ ಗಾಬರಿಯಾಗುತ್ತದೆ. ಎರಡು ಮೂರು ವಾರದಲ್ಲಿ ಒಣಗಿ, ಕೆಲವು ಸಲ ಬಿಳಿ ಚುಕ್ಕೆ ಉಳಿಯುತ್ತದೆ, ಅಷ್ಟೇ. ಇದು ಕಂದು ಹಾಕಿಸುವುದಿಲ್ಲ, ಬಂಜೆತನವೂ ತರುವುದಿಲ್ಲ. ನಷ್ಟ ಆಗುವುದು ಸೀಸನ್‌ನಲ್ಲಿ ಸ್ಟಾಲಿಯನ್‌ಗೆ ಕೊಡಬೇಕಾದ ರಜೆಯಿಂದ. ಥರೋಬ್ರೆಡ್ (ರೇಸ್ ತಳಿ) ಮರಿ ತಳಿ ನೋಂದಣಿಯ ಸ್ಟಡ್ ಬುಕ್‌ಗೆ ಸೇರಬೇಕಾದರೆ ನೇರ ಕವರಿಂಗೇ ಆಗಬೇಕು, ಕೃತಕ ಗರ್ಭಧಾರಣೆ ನಡೆಯಲ್ಲ. ಹಾಗಾಗಿ ಅವರಿಗೆ ಬೇರೆ ದಾರಿ ಇಲ್ಲ. ಮಾರ್ವಾರಿ ಸಾಕುವವರಿಗೆ ಆ ದಾರಿ ಇದೆ.

ಇಎಚ್‌ವಿ-4 ಮರಿಗಳ ನೆಗಡಿ. ಮೂಗು ಸುರಿಯುತ್ತದೆ, ಜ್ವರ ಬರುತ್ತದೆ, ಮೇವು ಬಿಡುತ್ತವೆ, ಮತ್ತೆ ಸರಿಹೋಗುತ್ತವೆ. ಇದರಿಂದಲೂ ಮೇರ್ ಕಂದು ಹಾಕುವುದುಂಟು, ಆದರೆ ಅಪರೂಪ. ಅದೂ ಎಲ್ಲೋ ಒಂದು ಮೇರ್, ಸಾಲು ಸಾಲಾಗಿ ಅಲ್ಲ.

ನಿಜವಾಗಿ ಹೆದರಬೇಕಾದ್ದು ಇಎಚ್‌ವಿ-1ಕ್ಕೆ. 4 ಹೆಚ್ಚಾಗಿ ಮೂಗು ಗಂಟಲಲ್ಲೇ ಉಳಿದರೆ, 1 ಅಲ್ಲಿಂದ ಬಿಳಿ ರಕ್ತಕಣಗಳ ಒಳಗೆ ಅವಿತುಕೊಂಡು ಮೈಯೆಲ್ಲ ಸುತ್ತುತ್ತದೆ. ಗರ್ಭಕೋಶದ ಸಣ್ಣ ರಕ್ತನಾಳಗಳಿಗೆ ಪೆಟ್ಟು ಕೊಟ್ಟರೆ ಮಾಸು ಸಡಿಲವಾಗಿ ಮರಿ ಹೋಗುತ್ತದೆ. ಬೆನ್ನುಹುರಿಯ ರಕ್ತನಾಳಗಳಿಗೆ ಪೆಟ್ಟು ಕೊಟ್ಟರೆ ಕುದುರೆಯ ಹಿಂಗಾಲು ತೂರಾಡುತ್ತದೆ, ಮೂತ್ರ ತಾನಾಗಿ ಸೋರುತ್ತದೆ, ಕೆಲವು ನೆಲಕ್ಕೆ ಬಿದ್ದು ಮತ್ತೆ ಏಳುವುದಿಲ್ಲ. ವೈರಸ್ ರಕ್ತಕಣದ ಒಳಗೆ ಕೂತಿರುವುದರಿಂದ ರಕ್ತದಲ್ಲಿ ಪ್ರತಿಕಾಯ ಇದ್ದರೂ ಅದರ ಕೈಗೆ ಸುಲಭವಾಗಿ ಸಿಗುವುದಿಲ್ಲ. ಲಸಿಕೆ ವಿಚಾರಕ್ಕೆ ಬಂದಾಗ ಈ ಮಾತು ನೆನಪಿರಲಿ. ಅಂದಹಾಗೆ, 1980ರ ಆಸುಪಾಸಿನವರೆಗೆ 1 ಮತ್ತು 4 ಒಂದೇ ವೈರಸ್‌ನ ಎರಡು ಬಗೆ ಅಂತಲೇ ತಿಳಿದಿದ್ದರು. ಹಳೇ ಪುಸ್ತಕ ಓದಿ ಸಲಹೆ ಕೊಡುವವರು ಈಗಲೂ ಎರಡನ್ನೂ ಕಲಸಿಬಿಡುತ್ತಾರೆ.

ಒಮ್ಮೆ ಹೊಕ್ಕ ವೈರಸ್ ಕುದುರೆ ಬದುಕಿರುವ ತನಕ ಒಳಗೇ ಇರುತ್ತದೆ. ನರದ ಗಂಟುಗಳಲ್ಲಿ, ದುಗ್ಧಗ್ರಂಥಿಗಳಲ್ಲಿ ಮಲಗಿರುತ್ತದೆ. ಲಾರಿ ಪ್ರಯಾಣ, ಮರಿಯಿಂದ ಅಗಲಿಕೆ, ಹೊಸ ಹಿಂಡು, ಇನ್ನೊಂದು ಕಾಯಿಲೆ, ಹೀಗೆ ಏನಾದರೂ ಕುದುರೆಯನ್ನು ಹಣ್ಣು ಮಾಡಿದರೆ ಎದ್ದು ಮೂಗಿಗೆ ಬರುತ್ತದೆ. ಆದ್ದರಿಂದ "ನಮ್ಮಲ್ಲಿ ಹರ್ಪಿಸ್ ಇಲ್ಲ" ಅಂತ ಎದೆ ತಟ್ಟಿ ಹೇಳುವ ತೋಟದ ಮಾತು ನಂಬಬೇಡಿ. ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ಕುದುರೆಗಳಿಗೆ ಇದು ತಗುಲಿ ಆಗಿರುತ್ತದೆ.

ಡಿ ಸ್ಟ್ರೇನೋ, ಎನ್ ಸ್ಟ್ರೇನೋ?

ಇಎಚ್‌ವಿ-1ರ ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ ಇದೆ. ಅದರ ಮೇಲೆ ಡಿ-752, ಎನ್-752 ಅಂತ ಎರಡು ಗುಂಪು ಮಾಡುತ್ತಾರೆ. ಡಿ ನರಕ್ಕೆ ಬಡಿಯುತ್ತದೆ, ಎನ್ ಕಂದು ಹಾಕಿಸುತ್ತದೆ ಅನ್ನೋದು ಚಾಲ್ತಿಯ ಮಾತು. ಅರ್ಧ ನಿಜ. ನರದ ಕಾಯಿಲೆ ಬಂದ ಕುದುರೆಗಳಲ್ಲಿ ಡಿ ಜಾಸ್ತಿ ಸಿಗುತ್ತದೆ, ಕಂದು ಹಾಕಿದ ಮೇರ್‌ಗಳಲ್ಲಿ ಎನ್ ಜಾಸ್ತಿ. ಆದರೆ ಗೆರೆ ಗಟ್ಟಿ ಇಲ್ಲ. 2021ರಲ್ಲಿ ಸ್ಪೇನ್‌ನ ವೆಲೆನ್ಸಿಯಾದಲ್ಲಿ ಜಂಪಿಂಗ್ ಸ್ಪರ್ಧೆಗೆ ಸೇರಿದ್ದ ಕುದುರೆಗಳಿಗೆ ನರದ ಕಾಯಿಲೆ ಬಂತು. ಅಲ್ಲಿಂದ ಮನೆಗೆ ಮರಳಿದ ಕುದುರೆಗಳ ಜೊತೆ ಯುರೋಪಿನ ಬೇರೆ ದೇಶಗಳಿಗೂ ಹೋಯಿತು. 18 ಕುದುರೆಗಳು ಸತ್ತವು, ವಾರಗಟ್ಟಲೆ ಸ್ಪರ್ಧೆಗಳೇ ನಿಂತವು. ಅಲ್ಲಿ ಸಿಕ್ಕಿದ್ದು "ಸಾಧು" ಅನಿಸಿಕೊಂಡಿದ್ದ ಎನ್ ಗುಂಪಿನ ವೈರಸ್. ಈಚೆಗೆ ಎಚ್-752 ಅನ್ನೋ ಮೂರನೆಯದೂ ಕಾಣಿಸಿಕೊಂಡಿದೆ.

ಹಾಗಾದರೆ ಸ್ಟ್ರೇನ್ ಪರೀಕ್ಷೆ ಮಾಡಿಸಬೇಕಾ? ಮಾದರಿ ಹೇಗೂ ಲ್ಯಾಬ್‌ಗೆ ಹೋಗುತ್ತಿದ್ದರೆ ಕೇಳಿ, ದಾಖಲೆಗೆ ಒಳ್ಳೆಯದು. ಎರಡು ತೋಟದ ವೈರಸ್ ಒಂದೇ ಮೂಲದ್ದೋ ಅಂತ ಪತ್ತೆ ಹಚ್ಚಲಿಕ್ಕೂ ಅನುಕೂಲ, ಅದಕ್ಕೆ ಇನ್ನೂ ಹೆಚ್ಚು ಜೀನ್‌ಗಳನ್ನು ಓದಬೇಕಾಗುತ್ತದೆ. ಆದರೆ ಫಲಿತಾಂಶ ಡಿ ಬಂದರೂ ಎನ್ ಬಂದರೂ ಮೊದಲ ವಾರ ನೀವು ಮಾಡಬೇಕಾದ ಕೆಲಸ ಒಂದೇ. ಅದಕ್ಕೆ ಕಾಯುತ್ತಾ ಕೂರಬೇಡಿ.

ಮೇರ್ ಎಲ್ಲಿ ಮರಿ ಹಾಕಬೇಕು

ಇಲ್ಲಿ ಮೂರು ಆಯ್ಕೆ ಇವೆ.

ಮೊದಲನೆಯದು, ಮೇರ್ ಮನೆಯಲ್ಲೇ ಮರಿ ಹಾಕಿ, ಕವರಿಂಗ್ ದಿನ ಮಾತ್ರ ಲಾರಿಯಲ್ಲಿ ಹೋಗಿ ಸಂಜೆಗೆ ವಾಪಸ್ ಬರುವುದು. ಎರಡನೆಯದು, ಸ್ಟಾಲಿಯನ್ ಇರುವ ಸ್ಟಡ್‌ಗೆ ಮೊದಲೇ ಕಳಿಸಿ, ಅಲ್ಲೇ ಮರಿ ಹಾಕಿಸಿ, ಅಲ್ಲೇ ಮತ್ತೆ ಗಬ್ಬ ಕಟ್ಟಿಸಿ ತರುವುದು. ಮೂರನೆಯದು, ಹೆಚ್ಚಿನವರು ಮಾಡುವುದು: ದಿನ ಹತ್ತಿರ ಬಂದಾಗ ಹೆದರಿಕೊಂಡು ಹತ್ತನೇ ತಿಂಗಳಲ್ಲಿ ಕಳಿಸುವುದು.

ಮೂರನೆಯದನ್ನು ಪಟ್ಟಿಯಿಂದ ತೆಗೆದುಹಾಕಿ. ಇಎಚ್‌ವಿ-1 ಕಂದು ಹಾಕಿಸುವುದು ಹೆಚ್ಚಾಗಿ ಏಳನೇ ತಿಂಗಳ ನಂತರ. ಆ ಹೊತ್ತಿಗೇ ಲಾರಿ ಹತ್ತಿಸಿ, ಗುರುತಿಲ್ಲದ ಹತ್ತು ಮೇರ್‌ಗಳ ನಡುವೆ ಇಳಿಸಿದರೆ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ನಿಮ್ಮ ಮೇರ್‌ನೊಳಗೆ ಮಲಗಿದ್ದ ವೈರಸ್ ಏಳಬಹುದು, ಅಲ್ಲಿನ ವೈರಸ್ ಇದಕ್ಕೆ ಹತ್ತಬಹುದು. ಪಕ್ಕದಲ್ಲಿ ನಿಂತವರ ಮೇರ್‌ಗೂ ಅದೇ ಕಥೆ. ಸ್ಟಡ್‌ಗೆ ಕಳಿಸಲೇಬೇಕು ಅಂದರೆ ಆರು ತಿಂಗಳ ಒಳಗೆ ಕಳಿಸಿ, ಅಲ್ಲಿ ಸೇರಿದ ಗುಂಪಿನಲ್ಲೇ ಕೊನೆತನಕ ಇರಿಸಲು ಹೇಳಿ. ಖರ್ಚು ಜಾಸ್ತಿ, ನಿಜ. ಆದರೆ ಹಿಂದೆ ಮರಿ ಹಾಕುವಾಗ ಕಷ್ಟಪಟ್ಟ ಮೇರ್‌ಗೆ ಅದೇ ಸರಿ. ರಾತ್ರಿ ಕಾಯುವ ಅನುಭವಸ್ಥ ಸೈಸ್ ನಿಮ್ಮಲ್ಲಿ ಇಲ್ಲದಿದ್ದರೂ ಅದೇ ಸರಿ.

ನಾಲ್ಕು ಮೇರ್ ಒಳಗೆ ಇರುವವರಿಗೆ ನನ್ನ ಆಯ್ಕೆ ಮೊದಲನೆಯದು. ಎರಡು ಷರತ್ತು ಇವೆ. ಬಾಡಿಗೆ ಲಾರಿಯಾದರೆ ಹಿಂದಿನ ಬಾಡಿಗೆಯ ಲದ್ದಿ, ಹುಲ್ಲು ಎಲ್ಲ ಎತ್ತಿ ತೊಳೆದು ಔಷಧ ಹೊಡೆದ ಮೇಲೆ ಮೇರ್ ಹತ್ತಿಸಬೇಕು. ಡ್ರೈವರ್ ಬೇಜಾರು ಮಾಡಿಕೊಳ್ಳುತ್ತಾನೆ, ಮಾಡಿಕೊಳ್ಳಲಿ. ಇನ್ನೊಂದು, ಹೋಗಿ ಬಂದ ಮೇರ್ ಅಂದೇ ಗಬ್ಬದ ಮೇರ್‌ಗಳ ಸಾಲಿಗೆ ಸೇರಬಾರದು.

ಒಂದೇ ಹಿಂಡೋ, ಗುಂಪು ಗುಂಪೋ

ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಇಲ್ಲಿ.

ಎಲ್ಲ ಕುದುರೆಗಳನ್ನೂ ಒಂದೇ ಪ್ಯಾಡಕ್‌ನಲ್ಲಿ ಬಿಡುವುದು ಸುಲಭ. ಒಂದು ಬೇಲಿ, ಒಂದು ನೀರಿನ ತೊಟ್ಟಿ, ಒಬ್ಬ ಆಳು. ಆದರೆ ಹರ್ಪಿಸ್‌ಗೆ ಬೇಕಾದ್ದೂ ಅದೇ. ಈ ವೈರಸ್ ಹೆಚ್ಚಾಗಿ ಮೂಗಿನಿಂದ ಮೂಗಿಗೆ, ಸೀನಿನ ಹನಿಯಿಂದ, ಒಂದೇ ತೊಟ್ಟಿಯಿಂದ, ಒಂದೇ ಬಕೆಟ್‌ನಿಂದ, ಸೈಸ್‌ನ ಕೈಯಿಂದ ಹರಡುತ್ತದೆ. ಕಂದು ಹಾಕಿದ ಮರಿ, ಮಾಸು, ಅದರ ನೀರು ಇವುಗಳಲ್ಲಂತೂ ವೈರಸ್ ತುಂಬಿ ತುಳುಕುತ್ತದೆ.

ಹೆಚ್ಚಿನವರ ಗಮನಕ್ಕೆ ಬಾರದ ಮೂಲ ಮರಿಗಳು. ಆಸ್ಟ್ರೇಲಿಯಾದ ಹಂಟರ್ ಕಣಿವೆಯ ದೊಡ್ಡ ಸ್ಟಡ್‌ಗಳಲ್ಲಿ ಇದನ್ನು ಹಿಂದೆ ಬಿದ್ದು ನೋಡಿದ್ದಾರೆ. ಲಸಿಕೆ ಹಾಕಿದ ಮೇರ್‌ಗಳ ಮಡಿಲಲ್ಲಿದ್ದ, ಇನ್ನೂ ಹಾಲು ಕುಡಿಯುತ್ತಿದ್ದ ಮರಿಗಳಲ್ಲೇ ವೈರಸ್ ಓಡಾಡುತ್ತಿತ್ತು. ತಾಯಿಯಿಂದ ಮರಿಗೆ, ಮರಿಯಿಂದ ಮರಿಗೆ, ಹಾಲು ಬಿಡಿಸಿದ ಮೇಲೆ ಇನ್ನೂ ಜೋರಾಗಿ. ಕಾಯಿಲೆ ಅಂತ ಕಣ್ಣಿಗೆ ಕಾಣುವುದು ಸ್ವಲ್ಪ ಮೂಗು ಸೋರುವುದು, ಅದೂ ಕೆಲವಕ್ಕೆ ಮಾತ್ರ.

ನಮ್ಮ ಕಡೆಯ ಕ್ಯಾಲೆಂಡರ್ ನೋಡಿ. ಮರಿ ಹಾಕುವುದು ಹೆಚ್ಚಾಗಿ ಜನವರಿಯಿಂದ ಮೇ ಒಳಗೆ. ಐದಾರು ತಿಂಗಳಿಗೆ ಹಾಲು ಬಿಡಿಸುತ್ತೀರಿ, ಅಂದರೆ ಜುಲೈನಿಂದ ನವೆಂಬರ್. ಸರಿಯಾಗಿ ಅದೇ ಹೊತ್ತಿಗೆ ಮತ್ತೆ ಗಬ್ಬವಾದ ಮೇರ್‌ಗಳು ಅಪಾಯದ ತಿಂಗಳುಗಳಿಗೆ ಕಾಲಿಡುತ್ತಿರುತ್ತವೆ. ಹಾಲು ಬಿಡಿಸಿದ ಮರಿಗಳನ್ನು ಗಬ್ಬದ ಮೇರ್‌ಗಳ ಪಕ್ಕದ ಬೇಲಿಯಲ್ಲೇ ಬಿಟ್ಟರೆ, ತಂತಿಯ ಮೇಲೆ ಮೂಗು ಚಾಚಿ ಒಂದನ್ನೊಂದು ಮೂಸುವುದನ್ನು ಯಾರು ತಡೆಯುತ್ತಾರೆ?

ಆದ್ದರಿಂದ ಗುಂಪು ಹೀಗೆ ಮಾಡಿ. ಏಳು ತಿಂಗಳು ದಾಟಿದ ಗಬ್ಬದ ಮೇರ್‌ಗಳು ಒಂದು ಕಡೆ. ಮರಿ ಜೊತೆಗಿರುವ ಮೇರ್‌ಗಳು ಇನ್ನೊಂದು ಕಡೆ. ಹಾಲು ಬಿಡಿಸಿದ ಮರಿಗಳು ಮತ್ತು ಒಂದು ವರ್ಷದವು ಎಲ್ಲಕ್ಕಿಂತ ದೂರ. ಹೊರಗೆ ಹೋಗಿ ಬಂದವು, ಹೊಸದಾಗಿ ಕೊಂಡವು, ರೇಸ್‌ನಿಂದ ನಿವೃತ್ತಿಯಾಗಿ ಬಂದ ಹೆಣ್ಣು ಕುದುರೆಗಳು 28 ದಿನ ಪ್ರತ್ಯೇಕ. 21 ದಿನ ಸಾಕು ಅನ್ನುವವರೂ ಇದ್ದಾರೆ. ಗಬ್ಬದ ಮೇರ್ ಇರುವ ತೋಟದಲ್ಲಿ ನಾನು 28ಕ್ಕೆ ಓಟು ಹಾಕುತ್ತೇನೆ. ಎರಡು ಗುಂಪಿನ ನಡುವೆ ಒಂಟಿ ಬೇಲಿ ಸಾಲದು. ನಡುವೆ ಆಳು, ಗಾಡಿ ಓಡಾಡುವಷ್ಟು ಜಾಗ ಬಿಟ್ಟು ಜೋಡಿ ಬೇಲಿ ಬೇಕು.

ಮೇರ್ ಹೆಚ್ಚಿದ್ದರೆ ಗಬ್ಬದ ಗುಂಪನ್ನೂ ನಾಲ್ಕೈದರಂತೆ ಒಡೆಯಿರಿ. ಒಡೆದ ಮೇಲೆ ಅದಲು ಬದಲು ಮಾಡಬೇಡಿ. ಒಂದು ಕಂದು ಹಾಕಿದರೂ ನಷ್ಟ ನಾಲ್ಕೈದಕ್ಕೆ ನಿಲ್ಲುತ್ತದೆ, ಇಪ್ಪತ್ತಕ್ಕೆ ಹಬ್ಬುವುದಿಲ್ಲ. ಎರಡೇ ಮೇರ್ ಇರುವವರು ಇಷ್ಟೆಲ್ಲ ಬೇಲಿ ಹಾಕಲಾಗದು. ಅವರು ಹಾಲು ಬಿಡಿಸಿದ ಮರಿಯನ್ನು ಪರಿಚಯದವರ ತೋಟಕ್ಕೆ ಸಾಗಿಸಿದರೂ ಆದೀತು, ಅಲ್ಲಿ ಗಬ್ಬದ ಮೇರ್ ಇಲ್ಲ ಅಂತ ಖಾತ್ರಿ ಇದ್ದರೆ.

ಒಬ್ಬನೇ ಸೈಸ್ ಇದ್ದರೆ ಕೆಲಸದ ಸರದಿಯೇ ಬೇಲಿ. ಬೆಳಿಗ್ಗೆ ಮೊದಲು ಗಬ್ಬದ ಮೇರ್‌ಗಳು, ಆಮೇಲೆ ಮರಿ ಇರುವವು, ಕೊನೆಗೆ ಮರಿಗಳು ಮತ್ತು ಹೊಸಬರು. ಪ್ರತಿ ಗುಂಪಿಗೆ ಬೇರೆ ಬಕೆಟ್, ಬೇರೆ ಬ್ರಶ್. ಬಕೆಟ್‌ಗೆ ಬೇರೆ ಬೇರೆ ಬಣ್ಣ ಬಳಿದರೆ ಹೇಳಿಕೊಡುವ ಕೆಲಸವೇ ಇಲ್ಲ. ಊರೂರು ಸುತ್ತುವ ಕತ್ತೆ ಹಾಲಿನವರನ್ನೂ ಗೇಟಿನ ಆಚೆಯೇ ನಿಲ್ಲಿಸಿ. ಕತ್ತೆಗೂ ಈ ಸೋಂಕು ತಗುಲುತ್ತದೆ, ಲಕ್ಷಣ ತೋರಿಸದೆ ಹರಡಬಲ್ಲದು.

ಲಸಿಕೆ: ಹಾಕಿಸಬೇಕಾ, ಯಾವುದು?

ಹಾಕಿಸಿ. ಆದರೆ ಅದರಿಂದ ಏನು ಸಿಗುತ್ತದೆ ಅಂತ ತಿಳಿದು ಹಾಕಿಸಿ.

ಮಾರುಕಟ್ಟೆಯ ಲಸಿಕೆಗಳಲ್ಲಿ ಸತ್ತ ವೈರಸ್‌ನವು ಇವೆ, ಶಕ್ತಿ ಕುಂದಿಸಿದ ಜೀವಂತ ವೈರಸ್‌ನವು ಇವೆ. ಕೆಲವು ಇಎಚ್‌ವಿ-1 ಒಂದಕ್ಕೇ, ಕೆಲವು 1 ಮತ್ತು 4 ಎರಡಕ್ಕೂ. ಕಂದು ಹಾಕುವುದನ್ನು ತಡೆಯಲು ಗಬ್ಬದ ಮೇರ್‌ಗೆ ಸಾಮಾನ್ಯವಾಗಿ ಬಳಸುವುದು ಸತ್ತ ವೈರಸ್‌ನದು, ಐದು, ಏಳು, ಒಂಬತ್ತನೇ ತಿಂಗಳಲ್ಲಿ ಮೂರು ಡೋಸ್. ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ನಮ್ಮ ದೇಶದಲ್ಲೇ ಸಿಕ್ಕ ಸ್ಟ್ರೇನ್ ಬಳಸಿ ಇಂಥದ್ದೊಂದು ಲಸಿಕೆ ತಯಾರಿಸಿದೆ. ಈ ಸೀಸನ್‌ಗೆ ಯಾವುದು ಕೈಗೆ ಸಿಗುತ್ತದೆ ಅಂತ ನಿಮ್ಮ ಕುದುರೆ ಡಾಕ್ಟರನ್ನು ಮಳೆಗಾಲಕ್ಕೆ ಮುಂಚೆಯೇ ಕೇಳಿಡಿ. ಮಾರ್ಚ್ 10ಕ್ಕೆ ಕವರಿಂಗ್ ಆದ ಮೇರ್‌ಗೆ ಡೋಸ್ ಬೀಳಬೇಕಾದ್ದು ಆಗಸ್ಟ್ 10, ಅಕ್ಟೋಬರ್ 10, ಡಿಸೆಂಬರ್ 10ರ ಸುಮಾರಿಗೆ. 340 ದಿನದ ಲೆಕ್ಕದಲ್ಲಿ ಮರಿ ಫೆಬ್ರವರಿ ಎರಡನೇ ವಾರಕ್ಕೆ. ಆಗಸ್ಟ್‌ನಲ್ಲಿ ಹುಡುಕಲು ಶುರು ಮಾಡಿದರೆ ಮೊದಲ ಡೋಸ್ ತಪ್ಪಿತು ಅಂತಲೇ ತಿಳಿಯಿರಿ.

ಒಂದಕ್ಕಾ, ಎರಡಕ್ಕಾ? ತೋಟದಲ್ಲಿ ಮೇರ್ ಮಾತ್ರ ಇದ್ದರೆ 1ರ ಲಸಿಕೆ ಸಾಕು. ಮರಿಗಳೂ ಬೆಳೆಯುತ್ತಿದ್ದರೆ, ಎರಡೂ ಇರುವ ಲಸಿಕೆ ಸಿಕ್ಕರೆ, ಅದು ವಾಸಿ. ಜೀವಂತ ಲಸಿಕೆಯನ್ನು ಗಬ್ಬದ ಮೇರ್‌ಗೆ ಡಾಕ್ಟರ್ ಹೇಳದೆ ಕೊಡಿಸಬೇಡಿ.

ಲಸಿಕೆ ಕಂದು ಹಾಕುವ ಸಂಖ್ಯೆ ತಗ್ಗಿಸುತ್ತದೆ. ವೈರಸ್ ಮೂಗಿನಿಂದ ಉದುರುವುದನ್ನೂ ಕಡಿಮೆ ಮಾಡುತ್ತದೆ. ಪೂರ್ತಿ ತಡೆಯುವುದಿಲ್ಲ. ಲಸಿಕೆ ಹಾಕಿದ ಸ್ಟಡ್‌ಗಳಲ್ಲೂ ಸಾಲು ಸಾಲಾಗಿ ಕಂದು ಹಾಕಿದ್ದಿದೆ. ನರದ ಕಾಯಿಲೆ ತಡೆಯುತ್ತೇನೆ ಅಂತ ಯಾವ ಲಸಿಕೆಯೂ ಹೇಳಿಕೊಳ್ಳುವುದಿಲ್ಲ. ಹಿಂಡಿನ ಅರ್ಧಕ್ಕೆ ಹಾಕಿಸಿ ಅರ್ಧ ಬಿಡುವುದರಲ್ಲಿ ಅರ್ಥವಿಲ್ಲ, ತೋಟದ ಎಲ್ಲ ಕುದುರೆಗೂ ಹಾಕಿಸಬೇಕು, ಸವಾರಿ ಕುದುರೆಗೂ ಸೇರಿ. ಮೂರು ಡೋಸ್ ಹಾಕಿಸಿ ಎಲ್ಲವನ್ನೂ ಒಂದೇ ಪ್ಯಾಡಕ್‌ಗೆ ಬಿಡುವವನಿಗಿಂತ, ಲಸಿಕೆ ಸಿಗದಿದ್ದರೂ ಗುಂಪು ಕಟ್ಟುನಿಟ್ಟಾಗಿ ಕಾಯುವವನೇ ನನ್ನ ಲೆಕ್ಕದಲ್ಲಿ ಹುಷಾರಿ. ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ ಮೊದಲು ಬೇಲಿ.

ಕಂದು ಹಾಕಿಯೇಬಿಟ್ಟರೆ

ಇಎಚ್‌ವಿ-1ರಲ್ಲಿ ಮುನ್ಸೂಚನೆ ಇರುವುದಿಲ್ಲ. ಕೆಚ್ಚಲು ಇಳಿದಿರುವುದಿಲ್ಲ, ಸೋರಿರುವುದಿಲ್ಲ. ರಾತ್ರಿ ಮೇವು ತಿಂದ ಮೇರ್ ಬೆಳಿಗ್ಗೆಯೂ ಮೇವು ತಿನ್ನುತ್ತಾ ನಿಂತಿರುತ್ತದೆ. ಹಿಂದೆ ಹುಲ್ಲಿನ ಮೇಲೆ ಮರಿ ಬಿದ್ದಿರುತ್ತದೆ, ಎಷ್ಟೋ ಸಲ ಪೊರೆಯೊಳಗೇ. ಕೊಳೆತಿರುವುದಿಲ್ಲ, ಆಗಷ್ಟೇ ಸತ್ತ ಹಾಗೆ. ಪೋಸ್ಟ್‌ಮಾರ್ಟಂ ಮಾಡಿದರೆ ಎದೆಗೂಡಲ್ಲಿ ಹಳದಿ ನೀರು, ಯಕೃತ್ತಿನ ಮೇಲೆ ಸೂಜಿ ಮೊನೆಯಷ್ಟು ಬಿಳಿಚುಕ್ಕೆ ಸಿಗಬಹುದು. ಮೇರ್ ಮಾತ್ರ ಏನೂ ಆಗದ ಹಾಗೆ ಇರುತ್ತದೆ. ಅದಕ್ಕೇ ಜನ ಉದಾಸೀನ ಮಾಡುವುದು.

ಆ ಹೊತ್ತಿನಲ್ಲಿ ಎರಡು ದಾರಿ. ಗುಂಡಿ ತೋಡಿ ಹೂತು ಸುಮ್ಮನಾಗುವುದು, ಇಲ್ಲ ಲ್ಯಾಬ್‌ಗೆ ಕಳಿಸುವುದು. ನಾಲ್ಕು ಮೇರ್ ಇದ್ದರೂ ಕಳಿಸಿ. ಮೊದಲು ನಾಯಿ, ಕಾಗೆ ಓಡಿಸಿ. ಮಾಸನ್ನು ನಾಯಿ ಎಳೆದುಕೊಂಡು ತೊಟ್ಟಿ ತನಕ ಹೋಯಿತು ಅಂದರೆ ನಿಮ್ಮ ಗುಂಪು, ಬೇಲಿ ಎಲ್ಲ ದಂಡ. ಕೈಗವಸು ಹಾಕಿ ಮರಿ ಮತ್ತು ಮಾಸು ಎರಡನ್ನೂ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಮನುಷ್ಯರಿಗೆ ಈ ಹರ್ಪಿಸ್ ಬರುವುದಿಲ್ಲ, ಆದರೆ ಕಾರಣ ಇದೇ ಅಂತ ಇನ್ನೂ ಗೊತ್ತಿಲ್ಲವಲ್ಲ. ಐಸ್ ಜೊತೆ ಇಡಿ, ಫ್ರೀಜರ್ ಬೇಡ. ಪರಿಚಯದ ಡಾಕ್ಟರ್ ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಕುಣಿಗಲ್‌ನಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬೆಳಗಿನ ದಾರಿ. ಹಿಸಾರ್‌ಗೆ ಮಾದರಿ ಕಳಿಸುವುದಾದರೆ ಯಕೃತ್ತು, ಶ್ವಾಸಕೋಶ, ಗುಲ್ಮ, ಥೈಮಸ್, ಮಾಸು ಇವುಗಳ ತುಂಡು ಬೇಕು. ತೆಗೆಯುವುದು ಡಾಕ್ಟರ ಕೆಲಸ.

ಜೊತೆಗಿದ್ದ ಕುದುರೆಗಳಿಗೆ ಯಾವ ಪರೀಕ್ಷೆ? ಮೂಗಿನ ಸ್ವಾಬ್ ಮತ್ತು ಹೆಪ್ಪುಗಟ್ಟದ ರಕ್ತ, ಎರಡರ ಪಿಸಿಆರ್. ಒಂದೇ ಸಲ ತೆಗೆದ ಸೀರಂನಲ್ಲಿ ಪ್ರತಿಕಾಯ ನೋಡುವುದು ದುಡ್ಡು ದಂಡ, ಲಸಿಕೆಯದ್ದೋ ಹಳೇ ಸೋಂಕಿನದ್ದೋ ಗೊತ್ತಾಗಲ್ಲ. ಎರಡು ಮೂರು ವಾರದ ಅಂತರದಲ್ಲಿ ಎರಡು ಸಲ ತೆಗೆದರೆ ಮಾತ್ರ ಅದಕ್ಕೆ ಬೆಲೆ.

ಇದಕ್ಕಿಂತ ಅಗ್ಗದ ಪರೀಕ್ಷೆ ಥರ್ಮಾಮೀಟರ್. ದಿನಕ್ಕೆ ಎರಡು ಸಲ, ಪ್ರತಿ ಕುದುರೆಗೆ. ಲಾಯದ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಬರೆಸಿ. 101.5 ಡಿಗ್ರಿ ದಾಟಿದ್ದನ್ನು ಅಂದೇ ಬೇರೆ ಕಟ್ಟಿ. ನರದ ಲಕ್ಷಣ ಕಾಣುವ ಮುಂಚೆ ಹೆಚ್ಚಿನ ಕುದುರೆಗಳಿಗೆ ಜ್ವರ ಬಂದು ಹೋಗಿರುತ್ತದೆ, ಬರೆದಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಲಾಯ ತೊಳೆಯಲು ಬ್ಲೀಚಿಂಗೋ ಫಿನಾಯಿಲೋ ಅಂತ ಚರ್ಚೆ ಬೇಡ. ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇದೆ, ಸೋಪಿನ ನೀರಿಗೇ ಬಗ್ಗುತ್ತದೆ. ಆದರೆ ಲದ್ದಿ ಮೇಲೆ ಬ್ಲೀಚಿಂಗ್ ಸುರಿದರೆ ಏನೂ ಆಗಲ್ಲ. ಮೊದಲು ಹಾಸು ಎತ್ತಿ ಸುಡಿ, ಸೋಪು ಹಾಕಿ ಉಜ್ಜಿ, ಆಮೇಲೆ ಔಷಧ. ಬ್ಲೀಚಿಂಗ್, ಫಿನಾಯಿಲ್ ಎರಡನ್ನೂ ಒಟ್ಟಿಗೆ ಕಲಸಬೇಡಿ.

ಕೊನೆಯ ಪ್ರಕರಣ ಕಂಡು 28 ದಿನ ಆಗುವ ತನಕ ತೋಟದಿಂದ ಯಾವ ಕುದುರೆಯೂ ಹೊರಗೆ ಹೋಗಬಾರದು, ಒಳಗೆ ಬರಬಾರದು. ಜೊತೆಗಿದ್ದ ಗಬ್ಬದ ಮೇರ್‌ಗಳು ಮರಿ ಹಾಕುವ ತನಕ ಅಲ್ಲೇ ಇರಲಿ. ಕವರಿಂಗ್‌ಗೆ ಹೋಗಬೇಕಿದ್ದ ಸ್ಟಡ್‌ಗೂ ಫೋನ್ ಮಾಡಿ ಹೇಳಿಬಿಡಿ. ಮುಚ್ಚಿಟ್ಟು ಕಳಿಸಿದರೆ ಅಲ್ಲಿನ ಸ್ಟಾಲಿಯನ್‌ನ ಸೀಸನ್, ಪಕ್ಕದವರ ಮೇರ್, ಎಲ್ಲಕ್ಕೂ ಕೈ ಹಾಕಿದಂತೆ. ಕಂದು ಹಾಕಿದ ಮೇರ್‌ಗೆ ಮೊದಲ ಬೆದೆ ಬಿಟ್ಟುಬಿಡಿ. 28 ದಿನ ಮುಗಿದು, ಡಾಕ್ಟರ್ ಗರ್ಭಕೋಶ ನೋಡಿ ಸರಿ ಅಂದ ಮೇಲೆ ಮುಂದಿನ ಬೆದೆಗೆ ಕವರಿಂಗ್ ಮಾಡಿಸಬಹುದು. ಹರ್ಪಿಸ್‌ನಿಂದ ಕಂದು ಹಾಕಿದ ಮೇರ್ ಮತ್ತೆ ಗಬ್ಬ ನಿಲ್ಲಲು ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಅದಕ್ಕೆ ಹೆದರಿ ಮೇರ್ ಮಾರಬೇಡಿ.